ಹಳೇ ಟೂ ಸ್ಟ್ರೋಕ್ ಗಾಡಿ ಪ್ಲಗ್ ಪದೇ ಪದೇ ಮಸಿ ಹಿಡೀತಿದ್ಯಾ? ಹೊಸ ಪ್ಲಗ್ ತರೋ ಮುಂಚೆ ಇಷ್ಟು ನೋಡಿ

ಕಿಕ್ ಹೊಡೆದ್ರೆ ಗಾಡಿ ಸ್ಟಾರ್ಟ್ ಆಗುತ್ತೆ, ನಾಲ್ಕೈದು ಕಿಲೋಮೀಟರ್ ಚೆನ್ನಾಗೇ ಓಡುತ್ತೆ, ಆಮೇಲೆ ಒಂದು ಸಿಗ್ನಲ್‌ನಲ್ಲಿ ನಿಂತಾಗ ಗೊರಗೊರ ಅನ್ನೋಕೆ ಶುರು ಮಾಡುತ್ತೆ, ಎಕ್ಸಿಲೇಟರ್ ಕೊಟ್ರೆ ಮಿಸ್ ಹೊಡೆಯುತ್ತೆ, ಕೊನೆಗೆ ಆಫ್. ಎಷ್ಟು ಕಿಕ್ ಹೊಡೆದ್ರೂ ಇಲ್ಲ. ಪ್ಲಗ್ ಬಿಚ್ಚಿ ನೋಡಿದ್ರೆ ಕಪ್ಪಗೆ, ಒದ್ದೆ. ಹೊಸ ಪ್ಲಗ್ ಹಾಕಿದ ತಕ್ಷಣ ಗಾಡಿ ಹೊಸ ಗಾಡಿ ಥರ ಓಡುತ್ತೆ, ಸರಿ ಹೋಯ್ತು ಅಂದ್ಕೊಂಡು ಮನೆಗೆ ಬರ್ತೀವಿ, ಎರಡು ವಾರಕ್ಕೆ ಮತ್ತೆ ಅದೇ ಕಥೆ.

ನನ್ನ ಹತ್ರ ಇರೋದು ಅಪ್ಪನ ಕಾಲದ ಯೆಜ್ಡಿ 250, ಎರಡು ಸೈಲೆನ್ಸರ್‌ದು, ಜಿಕೋವ್ ಕಾರ್ಬೊರೇಟರ್, 6 ವೋಲ್ಟ್ ಬ್ಯಾಟರಿ, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚೋ ಎರಡು ಲೋಹದ ತುದಿಗಳಿಂದ ಕಿಡಿ ಹುಟ್ಟಿಸೋ ಹಳೇ ವ್ಯವಸ್ಥೆ). ನಮ್ಮ ಮೈಸೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಲಿ ಹುಟ್ಟಿದ ಗಾಡಿ. 1961ರಿಂದ 1996ರ ತನಕ ನಡೆದ ಆ ಫ್ಯಾಕ್ಟರಿ ಮುಚ್ಚಿ ಇಷ್ಟು ವರ್ಷ ಆದ್ರೂ ಊರಲ್ಲಿ ಇವತ್ತಿಗೂ ಬೆಳಿಗ್ಗೆ ಹೊತ್ತು ಆ ಡಬ್ ಡಬ್ ಸದ್ದು ಕೇಳುತ್ತೆ ಅಂದ್ರೆ ಅದು ಜನ ಗಾಡಿನ ಬಿಟ್ಟುಕೊಡದೆ ನೋಡ್ಕೊಂಡಿದ್ದಕ್ಕೆ. ನಾನೂ ಹಾಗೇ ನೋಡ್ಕೊಂಡೆ ಅಂದ್ಕೊಂಡಿದ್ದೆ, ಆದ್ರೆ ಒಂದ್ಸಲ ಎರಡೇ ತಿಂಗಳಲ್ಲಿ ಮೂರು ಪ್ಲಗ್ ಹಾಳಾದಾಗಲೇ ಗೊತ್ತಾಗಿದ್ದು, ನಾನು ಮಾಡ್ತಿದ್ದಿದ್ದು ರಿಪೇರಿನೇ ಅಲ್ಲ ಅಂತ. ಪ್ಲಗ್ ತಾನಾಗಿ ಕೆಡೋದು ಕಮ್ಮಿ. ಪೆಟ್ರೋಲ್, ಆಯಿಲ್, ಕರೆಂಟ್, ಈ ಮೂರರಲ್ಲಿ ಯಾವುದೋ ಒಂದು ಎಡವಿರುತ್ತೆ, ಅದು ಪ್ಲಗ್ ಮೇಲೆ ಬಂದು ಕೂರುತ್ತೆ. ಯಾವುದು ಅಂತ ಹಿಡಿಯೋ ತನಕ ಎಷ್ಟು ಪ್ಲಗ್ ಹಾಕಿದ್ರೂ ದುಡ್ಡು ದಂಡ. ಇಲ್ಲಿ ಹೇಳೋದರಲ್ಲಿ ಮುಕ್ಕಾಲು ಪಾಲು ಯಮಹಾ ಆರ್‌ಎಕ್ಸ್ 100ಕ್ಕೂ ಹಳೇ ಸ್ಕೂಟರ್‌ಗಳಿಗೂ ಹೊಂದುತ್ತೆ, ಫೋರ್ ಸ್ಟ್ರೋಕ್ ಬಗ್ಗೆ ಕೊನೇಲಿ ಸ್ವಲ್ಪ ಹೇಳ್ತೀನಿ.

ಮೊದಲು ಪ್ಲಗ್ ಯಾಕೆ ಕೂತುಬಿಡುತ್ತೆ ಅನ್ನೋದು ಎರಡು ಮಾತಲ್ಲಿ. ಪ್ಲಗ್ ಮೂತಿಲಿರೋ ಬಿಳಿ ಪಿಂಗಾಣಿ ಇದ್ಯಲ್ಲ, ಅದು ಕರೆಂಟ್ ಸೋರಿ ಹೋಗದ ಹಾಗೆ ತಡೆಯೋದು. ಇಂಜಿನ್ ಓಡುವಾಗ ಆ ಮೂತಿ ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ಒಳಗೆ ಕಾದಿದ್ರೆ ಅದರ ಮೇಲೆ ಕೂತ ಮಸಿನ ಅದೇ ಸುಟ್ಟು ಹಾಕ್ಕೊಳ್ಳುತ್ತೆ. ಅದಕ್ಕಿಂತ ತಣ್ಣಗಿದ್ರೆ ಮಸಿ ಹಾಗೇ ಉಳಿಯುತ್ತೆ, ಮಸಿ ಅಂದ್ರೆ ಇಂಗಾಲ, ಇಂಗಾಲದಲ್ಲಿ ಕರೆಂಟ್ ಹರಿಯುತ್ತೆ, ಸೋ ಕರೆಂಟ್ ಗ್ಯಾಪ್ (ಪ್ಲಗ್ ನಡುವಿನ ಕಂಬಿಗೂ ಮೇಲಿನ ಕೊಕ್ಕೆಗೂ ಮಧ್ಯೆ ಇರೋ ಸಂದು) ಹಾರೋ ಬದಲು ಸಲೀಸಾಗಿ ಮಸಿ ಮೇಲೆ ಹರಿದು ಇಂಜಿನ್ ಬಾಡಿಗೆ ಇಳಿದುಬಿಡುತ್ತೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಪ್ಲಗ್ ಶಾರ್ಟ್ ಆಗಿದೆ ಅನ್ನೋದು ಇದಕ್ಕೇ, ಸರಿಯಾದ ಮಾತೇ ಅದು. ಸಿಟಿ ಟ್ರಾಫಿಕ್‌ನಲ್ಲಿ ಫಸ್ಟ್ ಗೇರ್ ಸೆಕೆಂಡ್ ಗೇರಲ್ಲಿ ತೆವಳೋ ಗಾಡಿಗೆ ಈ ಕಾಯಿಲೆ ಜಾಸ್ತಿ ಯಾಕೆ ಅಂತ ಇದ್ರಿಂದ ಗೊತ್ತಾಗುತ್ತೆ.

ದಾರೀಲಿ ನಿಂತೋದ್ರೆ

ದಸರಾ ಲೈಟಿಂಗ್ ನೋಡೋಕೆ ಅಂತ ಒಂದು ಸಂಜೆ ಮನೆಯವಳನ್ನ ಹಿಂದೆ ಕೂರಿಸ್ಕೊಂಡು ಸಯ್ಯಾಜಿ ರಾವ್ ರೋಡಿಗೆ ಹೋಗಿದ್ದೆ, ಕೆ.ಆರ್. ಸರ್ಕಲ್‌ನಿಂದ ಆಯುರ್ವೇದ ಸರ್ಕಲ್ ತನಕ ಜನವೋ ಜನ, ಕಾಲೂರಿಕೊಂಡೇ ಗಾಡಿ ತಳ್ಳಿದ ಹಾಗೆ ಓಡಿಸಿದ್ದು, ಮುಕ್ಕಾಲು ಗಂಟೆ ಆದ್ಮೇಲೆ ಗಾಡಿ ಒಂದೇ ಸಲಕ್ಕೆ ಸತ್ತೋಯ್ತು. ಗೊರಗೊರ ಇಲ್ಲ, ಮಿಸ್ಸಿಂಗ್ ಇಲ್ಲ, ಸ್ವಿಚ್ ಆಫ್ ಮಾಡಿದ ಹಾಗೆ. ಫುಟ್‌ಪಾತ್ ಹತ್ರ ತಳ್ಕೊಂಡು ಹೋಗಿ, ಬಟ್ಟೆ ಸುತ್ಕೊಂಡು ಬಿಸಿ ಪ್ಲಗ್ ಬಿಚ್ಚಿ ಮೊಬೈಲ್ ಬೆಳಕಲ್ಲಿ ನೋಡಿದ್ರೆ ನಡುವಿನ ಕಂಬಿಗೂ ಮೇಲಿನ ಕೊಕ್ಕೆಗೂ ಮಧ್ಯೆ ಒಂದು ಕಪ್ಪು ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ, ಸೇತುವೆ ಥರ ನಿಂತಿದೆ. ಬಸ್ ಟಿಕೆಟ್ ಮಡಚಿ ಗ್ಯಾಪ್ ಒಳಗೆ ಒಂದ್ಸಲ ಎಳೆದೆ, ಎಳೆ ಉದುರಿ ಹೋಯ್ತು, ಪ್ಲಗ್ ಹಾಕಿದೆ, ಮೊದಲನೇ ಕಿಕ್ಕಿಗೇ ಸ್ಟಾರ್ಟ್. ಟೂ ಸ್ಟ್ರೋಕಲ್ಲಿ ಇದು ತುಂಬಾ ಸಾಮಾನ್ಯ. ಗಾಡಿ ಹಿಂದೆಮುಂದೆ ನೋಡದೆ ಒಂದೇ ಏಟಿಗೆ ಆಫ್ ಆದ್ರೆ ಮೊದಲು ಈ ಎಳೆ ಇದ್ಯಾ ನೋಡಿ. ಹಳೇ ಇಂಜಿನ್‌ಗೆ ಕಡಿಮೆ ಬೆಲೆಯ ಆಯಿಲ್ ಹಾಕಿ, ಹೆಡ್ ಒಳಗೆ ಕಾರ್ಬನ್ ಗಡ್ಡೆಗಟ್ಟಿದ್ರೆ ಪದೇ ಪದೇ ಬರುತ್ತೆ.

ಎಳೆ ಇಲ್ಲದೆ ಒದ್ದೆಯಾಗಿದ್ರೆ ಪೆಟ್ರೋಲ್ ಕಾಕ್ ಕ್ಲೋಸ್ ಮಾಡಿ, ಪ್ಲಗ್ ಹೊರಗಿಟ್ಟು, ಕೀ ಆಫ್ ಮಾಡಿ, ಎಕ್ಸಿಲೇಟರ್ ಪೂರ್ತಿ ತಿರುವಿ ಹಿಡ್ಕೊಂಡು ಹತ್ತು ಹದಿನೈದು ಕಿಕ್ ಹೊಡೀರಿ. ಒಳಗೆ ತುಂಬಿರೋ ಪೆಟ್ರೋಲ್ ಪ್ಲಗ್ ತೂತಿಂದ ಆವಿಯಾಗಿ ಬರುತ್ತೆ, ಮುಖ ಹತ್ರ ಇಡಬೇಡಿ, ಬೀಡಿ ಸಿಗರೇಟ್ ಹಚ್ಚಿರೋರು ಪಕ್ಕದಲ್ಲಿದ್ರೆ ದೂರ ಕಳಿಸಿ. ಆಮೇಲೆ ಒಣಗಿದ ಪ್ಲಗ್ ಹಾಕಿ, ಕಾಕ್ ಮುಚ್ಚೇ ಇಟ್ಟು ಕಿಕ್ ಹೊಡೀರಿ, ಎದ್ದ ಮೇಲೆ ಕಾಕ್ ಓಪನ್ ಮಾಡಿ.

ಸೀಟ್ ಕೆಳಗೆ ಯಾವಾಗ್ಲೂ ಒಂದು ಗ್ಯಾಪ್ ಸೆಟ್ ಮಾಡಿದ ಪ್ಲಗ್, 21 ಎಂಎಂ ಬಾಕ್ಸ್ ಪಾನಾ, ಒಂದು ಹಳೇ ಬನಿಯನ್ ತುಂಡು, ಒಂದು ಹಿತ್ತಾಳೆ ಬ್ರಷ್ ಇಟ್ಕೊಂಡಿರಿ. ಇಷ್ಟಿದ್ರೆ ಪ್ಲಗ್ ವಿಷಯಕ್ಕೆ ಗಾಡಿ ತಳ್ಳೋ ಪ್ರಮೇಯ ಬರಲ್ಲ.

ಪ್ಲಗ್ ಓದೋದು

ಹೆಚ್ಚಿನವರು ಇಲ್ಲೇ ತಪ್ಪು ಮಾಡೋದು, ನಾನೂ ಮಾಡಿದ್ದೆ. ಟ್ರಾಫಿಕ್‌ನಲ್ಲಿ ತೆವಳ್ಕೊಂಡು ಮನೆಗೆ ಬಂದು, ಗೇಟ್ ಮುಂದೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಪ್ಲಗ್ ಬಿಚ್ಚಿ ಅಯ್ಯೋ ಕಪ್ಪಗಿದೆ ಅಂತ ಕಾರ್ಬೊರೇಟರ್‌ಗೆ ಕೈ ಹಾಕೋದು. ಐಡಲ್‌ನಲ್ಲಿ ಯಾವ ಟೂ ಸ್ಟ್ರೋಕ್ ಪ್ಲಗ್ ಆದ್ರೂ ಕಪ್ಪಗೇ ಕಾಣುತ್ತೆ. ಸರಿಯಾಗಿ ನೋಡಬೇಕು ಅಂದ್ರೆ ಕ್ಲೀನ್ ಪ್ಲಗ್ ಹಾಕಿ, ಇಂಜಿನ್ ಬಿಸಿ ಆದ್ಮೇಲೆ ಖಾಲಿ ಇರೋ ರೋಡಲ್ಲಿ ಮೂರನೇ ಗೇರಲ್ಲಿ ಒಂದು ಕಿಲೋಮೀಟರ್ ಚೆನ್ನಾಗಿ ಎಳೆಸಿ, ಎಕ್ಸಿಲೇಟರ್ ಬಿಡೋ ಮುಂಚೆನೇ ಕ್ಲಚ್ ಹಿಡಿದು ಅದೇ ಕ್ಷಣ ಕೀ ಆಫ್ ಮಾಡಿ, ಹಾಗೇ ಉರುಳ್ಕೊಂಡು ಹೋಗಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಈಗ ಕಾಣೋದು ನಿಜವಾದ ಬಣ್ಣ. ಹಿಂದೆ ಯಾರಾದ್ರೂ ಬರ್ತಿದ್ದಾರಾ ನೋಡ್ಕೊಂಡು ಮಾಡಿ, ಮೈಸೂರಿನವರು ರಿಂಗ್ ರೋಡಲ್ಲಿ ಬೆಳಿಗ್ಗೆ ಆರಕ್ಕೆ ಹೋದ್ರೆ ಆರಾಮ.

ಇನ್ನೊಂದು ವಿಷಯ, ಹಳೇ ಕೈಪಿಡಿಗಳಲ್ಲಿ ಬಿಸ್ಕೆಟ್ ಬಣ್ಣ ಇರಬೇಕು, ಕಾಫಿ ಬಣ್ಣ ಇರಬೇಕು ಅಂತ ಬರೆದಿರೋದು ಸೀಸ ಬೆರೆಸಿದ ಪೆಟ್ರೋಲ್ ಕಾಲದಲ್ಲಿ. ನಮ್ಮ ದೇಶದಲ್ಲಿ ಆ ಪೆಟ್ರೋಲ್ 2000ನೇ ಇಸವಿಗೆ ನಿಂತೋಯ್ತು, ಈಗ ಬಂಕಲ್ಲಿ ಸಿಗೋದು ಎಥನಾಲ್ ಬೆರೆತ ಇ20. ಇದರಲ್ಲಿ ಪ್ಲಗ್ ಬಣ್ಣ ಹಿಂದಿನಷ್ಟು ಗಾಢವಾಗಿ ಬರಲ್ಲ, ತಿಳಿಯಾಗೇ ಇರುತ್ತೆ. ಅದಕ್ಕೆ ಪಿಂಗಾಣಿ ತುದಿ ನೋಡಿ ತೀರ್ಮಾನ ಮಾಡೋ ಬದಲು ಒಳಗೆ, ಪಿಂಗಾಣಿ ಬುಡದಲ್ಲಿ ಒಂದು ಕಪ್ಪು ಉಂಗುರ ಕಾಣುತ್ತಲ್ಲ, ಅದನ್ನ ನೋಡಿ. ಉಂಗುರ ತೆಳುವಾಗಿದ್ರೆ ಪರವಾಗಿಲ್ಲ, ಮಸಿ ಬುಡದಿಂದ ಮೂತಿ ತನಕ ಹತ್ತಿದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಉಂಗುರನೇ ಇಲ್ಲದೆ ಪೂರ್ತಿ ಸುಣ್ಣದ ಥರ ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಬೆಳ್ಳಗಿರೋದು ಮಸಿಗಿಂತ ಅಪಾಯ, ಮಸಿ ಹಿಡಿದ್ರೆ ಗಾಡಿ ನಿಲ್ಲುತ್ತೆ ಅಷ್ಟೆ, ಲೀನ್ ಆದ್ರೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆದ್ರೆ, ಪಿಸ್ಟನ್ ಜಾಮ್ ಆಗುತ್ತೆ.

ಕೈಲಿ ಮುಟ್ಟಿ ನೋಡಿ. ಒಣಗಿದ ಮಸಿ, ದೀಪದ ಕಾಡಿಗೆ ಥರ ಬೆರಳಿಗೆ ಅಂಟಿ, ಒರೆಸಿದ್ರೆ ಹೋದ್ರೆ, ಅದು ಪೆಟ್ರೋಲ್ ಜಾಸ್ತಿ ಆಗಿರೋದು ಇಲ್ಲಾ ಕರೆಂಟ್ ವೀಕ್ ಆಗಿರೋದು. ಜಿಡ್ಡು ಜಿಡ್ಡಾಗಿ, ಒರೆಸಿದ್ರೆ ಬೆರಳ ಮೇಲೆ ಹರಡಿದ್ರೆ ಆಯಿಲ್. ಒದ್ದೆ ಇದೆ ಆದ್ರೆ ಊದಿದ್ರೆ ಆರಿ ಹೋಗುತ್ತೆ, ಪೆಟ್ರೋಲ್ ವಾಸನೆ ಹೊಡೆಯುತ್ತೆ ಅಂದ್ರೆ ಓವರ್‌ಫ್ಲೋ ಅಥವಾ ಕರೆಂಟೇ ಬರ್ತಿಲ್ಲ.

ಪೆಟ್ರೋಲ್ ಕಡೆ

ಸುಲಭದ್ದು ಮೊದಲು. ಬೆಳಿಗ್ಗೆ ಜಿಕೋವ್‌ನ ಬಟನ್ ಒತ್ತಿ ಪೆಟ್ರೋಲ್ ಉಕ್ಕಿಸೋ ಅಭ್ಯಾಸ ನಮಗೆಲ್ಲ ಇದೆ, ಕೆಲವರು ಕಾರ್ಬೊರೇಟರ್ ಕೆಳಗೆ ಹನಿ ಬೀಳೋ ತನಕ ಒತ್ತುತ್ತಾರೆ. ಮೈಸೂರು ಬೆಂಗಳೂರಿನ ಹವೆಗೆ ಅಷ್ಟು ಬೇಕಿಲ್ಲ, ಎರಡು ಸೆಕೆಂಡ್ ಸಾಕು, ಮಧ್ಯಾಹ್ನ ಬಿಸಿ ಇಂಜಿನ್‌ಗಂತೂ ಮುಟ್ಟಲೇಬೇಡಿ. ಚೋಕ್ ಇರೋ ಗಾಡಿಯಾದ್ರೆ ಚೋಕ್ ಪೂರ್ತಿ ವಾಪಸ್ ಹೋಗ್ತಿದ್ಯಾ, ಕೇಬಲ್ ಹಿಡ್ಕೊಂಡಿದ್ಯಾ ನೋಡಿ. ಆಮೇಲೆ ಏರ್ ಫಿಲ್ಟರ್. ಹಳೇ ಗಾಡಿಗಳಲ್ಲಿ ಫಿಲ್ಟರ್ ಕಣ್ಣಿಗೆ ಕಾಣಲ್ಲ, ಅದಕ್ಕೇ ಯಾರೂ ಬಿಚ್ಚಲ್ಲ, ನಾನು ಮೊದಲನೇ ಸಲ ಬಿಚ್ಚಿದಾಗ ಒಳಗೆ ಕಣಜ ಗೂಡು ಕಟ್ಟಿತ್ತು, ಮಣ್ಣಿನ ಗೂಡು, ಗಾಳಿ ಹೋಗೋ ದಾರಿ ಅರ್ಧ ಮುಚ್ಚಿತ್ತು. ಗಾಡಿ ಒಂದು ತಿಂಗಳು ನಿಂತಿದ್ರೂ ಸಾಕು ಇವು ಬಂದು ಸೇರ್ಕೊಳ್ಳೋಕೆ.

ಇದಾದ್ಮೇಲೆ ಫ್ಲೋಟ್, ಕಾರ್ಬೊರೇಟರ್ ಒಳಗೆ ತೇಲ್ತಾ ಪೆಟ್ರೋಲ್ ಲೆವೆಲ್ ಕಾಯೋದು. ರಾತ್ರಿ ಕಾಕ್ ಓಪನ್ ಬಿಟ್ಟು ಬೆಳಿಗ್ಗೆ ನೋಡಿ, ಕಾರ್ಬೊರೇಟರ್ ಒದ್ದೆ ಇದ್ರೆ ಅಥವಾ ಮೊದಲ ಕಿಕ್ ಭಾರ ಅನ್ಸಿದ್ರೆ ಫ್ಲೋಟ್ ನೀಡಲ್ ಸರಿಯಾಗಿ ಕೂರ್ತಿಲ್ಲ. ನೀಡಲ್ ತುದಿಲಿ ಸವೆದ ಗೆರೆ ಉಂಗುರದ ಥರ ಕಾಣುತ್ತೆ, ಉಗುರು ಎಳೆದ್ರೆ ತಡೆಯುತ್ತೆ, ಹಾಗಿದ್ರೆ ಬದಲಾಯಿಸಿ. ಹಿತ್ತಾಳೆ ಫ್ಲೋಟ್ ಇದ್ರೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಕುಲುಕುಲು ಅಂದ್ರೆ ತೂತಾಗಿ ಪೆಟ್ರೋಲ್ ತುಂಬ್ಕೊಂಡಿದೆ, ಅದು ಮುಳುಗುತ್ತೆ, ಲೆವೆಲ್ ಏರುತ್ತೆ, ಪ್ಲಗ್ ಮಸಿ. ಏನೇ ಆದ್ರೂ ಗಾಡಿ ನಿಲ್ಲಿಸಿದಾಗ ಕಾಕ್ ಕ್ಲೋಸ್ ಮಾಡೋದು ಅಭ್ಯಾಸ ಮಾಡ್ಕೊಳ್ಳಿ.

ಇಷ್ಟೂ ಸರಿ ಇದ್ರೆ ಮಾತ್ರ ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಹಿತ್ತಾಳೆ ತುಂಡು), ನೀಡಲ್‌ಗೆ ಕೈ ಹಾಕಿ. ಸ್ಲೈಡ್ ನೀಡಲ್‌ನ ಕ್ಲಿಪ್ ಒಂದು ಗೀರು ಮೇಲಕ್ಕೆ ಹಾಕಿದ್ರೆ ನೀಡಲ್ ಕೆಳಗಿಳಿಯುತ್ತೆ, ನಡುವಿನ ಎಕ್ಸಿಲೇಟರ್‌ನಲ್ಲಿ ಪೆಟ್ರೋಲ್ ಕಮ್ಮಿ ಆಗುತ್ತೆ. ಮಿಕುನಿ ಥರದ ಕಾರ್ಬೊರೇಟರ್‌ಗಳಲ್ಲಿ ಏರ್ ಸ್ಕ್ರೂ ಹೊರಗೆ ತಿರುವಿದ್ರೆ ಐಡಲ್ ಲೀನ್ ಆಗುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ರೋಡಿಗೆ ಹೋಗಿ ಪ್ಲಗ್ ಓದಿ. ಮೂರು ಒಟ್ಟಿಗೆ ತಿರುವಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಇ20 ತಾನಾಗೇ ಮಿಶ್ರಣನ ಸ್ವಲ್ಪ ಲೀನ್ ಮಾಡುತ್ತೆ ಅನ್ನೋದು ನೆನಪಿರಲಿ, ಮಸಿ ಕಂಡ ತಕ್ಷಣ ಸಣ್ಣ ಜೆಟ್ ಹಾಕಿ ಪಿಸ್ಟನ್ ಕಳ್ಕೊಂಡವರು ಇದ್ದಾರೆ.

ಆಯಿಲ್ ಕಡೆ

ಪೆಟ್ರೋಲ್‌ಗೆ ಆಯಿಲ್ ಬೆರೆಸೋ ಗಾಡಿಗಳಲ್ಲಿ ಅಳತೆ ಅನ್ನೋದು ದೊಡ್ಡ ವಿಷಯ. ಲೀಟರಿಗೆ 40 ಎಂಎಲ್ ಅಂದ್ರೆ 1:25, 33 ಎಂಎಲ್ ಅಂದ್ರೆ 1:30, 25 ಎಂಎಲ್ ಅಂದ್ರೆ 1:40. ನಾನು ಹಾಕೋದು 33. ನಿಮ್ಮ ಗಾಡಿಗೆ ಕೈಪಿಡಿಲಿ ಏನಿದೆ ಅದಕ್ಕಿಂತ ಕಮ್ಮಿ ಮಾತ್ರ ಮಾಡಬೇಡಿ. ನಮ್ಮ ಜನ ಪ್ರೀತಿ ಜಾಸ್ತಿ ಆಗಿ, ಇಂಜಿನ್‌ಗೆ ಒಳ್ಳೇದು ಅಂತ ಒಂದು ಕೈ ಜಾಸ್ತಿನೇ ಸುರಿಯೋದು, ಪ್ಲಗ್‌ಗೆ ಅದು ವಿಷ. ಔಷಧಿ ಅಂಗಡಿಲಿ ಸಿಗೋ 50 ಎಂಎಲ್ ಸಿರಿಂಜ್ ಒಂದು ತಂದಿಟ್ಕೊಳ್ಳಿ, ಬಾಟ್ಲಿ ಮುಚ್ಚಳದ ಅಂದಾಜು ಬೇಡ. ಇನ್ನೊಂದು, ಟ್ಯಾಂಕ್ ತುಂಬಿಸಿದ ಮೇಲೆ ಆಯಿಲ್ ಸುರಿದು ಹಾಗೇ ಹೊರಟುಬಿಟ್ರೆ ಆಯಿಲ್ ಕೆಳಗಿಳಿದು ಸೀದಾ ಕಾಕ್ ಬಾಯಿಗೆ ಹೋಗಿ ಕೂರುತ್ತೆ, ಮೊದಲ ಕಿಲೋಮೀಟರ್ ಇಂಜಿನ್ ಕುಡಿಯೋದು ಬರೀ ಆಯಿಲ್. ಆಯಿಲ್ ಮೊದಲು ಹಾಕಿ ಅದರ ಮೇಲೆ ಪೆಟ್ರೋಲ್ ಹಾಕಿಸಿ, ಗಾಡಿ ಒಂದ್ಸಲ ಆ ಕಡೆ ಈ ಕಡೆ ಅಲ್ಲಾಡಿಸಿ. ಡಬ್ಬಿ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಅಂತ ಇರೋ ಆಯಿಲ್ ತಗೊಳ್ಳಿ, ಹೊಗೆನೂ ಮಸಿನೂ ಕಣ್ಣಿಗೆ ಕಾಣೋ ಅಷ್ಟು ಕಮ್ಮಿ. ಆರ್‌ಎಕ್ಸ್ 100 ಥರ ಆಯಿಲ್ ಪಂಪ್ ಇರೋ ಗಾಡಿಲಿ ಪಂಪ್ ಕೇಬಲ್ ಗುರುತಿಗೆ ಗುರುತು ಹೊಂದ್ತಿದ್ಯಾ ನೋಡಿ, ಕೇಬಲ್ ಜಾಸ್ತಿ ಎಳೆದಿದ್ರೆ ಐಡಲ್‌ನಲ್ಲೂ ಆಯಿಲ್ ಸುರೀತಾನೇ ಇರುತ್ತೆ.

ಈಗ ನನ್ನ ಮೂರು ಪ್ಲಗ್ ತಿಂದ ಕಳ್ಳನ ಕಥೆ. ಅಳತೆ ಸರಿ ಇತ್ತು, ಕಾರ್ಬೊರೇಟರ್ ಕ್ಲೀನ್ ಇತ್ತು, ಆದ್ರೂ ಪ್ಲಗ್ ಜಿಡ್ಡು. ಗಾಡಿ ಬಿಸಿ ಆದ್ಮೇಲೂ ಹೊಗೆ ನಿಲ್ತಿರಲಿಲ್ಲ, ಅದೂ ಮಾಮೂಲಿ ಟೂಟಿ (ಟೂ ಸ್ಟ್ರೋಕ್ ಆಯಿಲ್) ವಾಸನೆ ಅಲ್ಲ, ಸುಟ್ಟ ಎಣ್ಣೆ ಬಾಂಡ್ಲಿ ಥರ ಗಂಟಲಿಗೆ ಹಿಡಿಯೋ ವಾಸನೆ. ಒಂದು ದಿನ ಸುಮ್ನೆ ಗೇರ್ ಆಯಿಲ್ ಲೆವೆಲ್ ನೋಡಿದ್ರೆ ಕೆಳಗಿಳಿದಿದೆ. ನೆಲದ ಮೇಲೆ ಒಂದು ಹನಿ ಸೋರಿಲ್ಲ, ಇಂಜಿನ್ ಹೊರಗೆ ಒಣಗಿದೆ, ಹಾಗಾದ್ರೆ ಆಯಿಲ್ ಎಲ್ಲಿ ಹೋಯ್ತು? ಕ್ರ್ಯಾಂಕ್‌ನ ಎಡಗಡೆ, ಪ್ರೈಮರಿ ಚೈನ್ ಇರೋ ಕಡೆ ಒಂದು ಆಯಿಲ್ ಸೀಲ್ ಇರುತ್ತೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಒಳಗೆ ಪಿಸ್ಟನ್ ಮೇಲೆ ಹೋದಾಗಲೆಲ್ಲ ಎಳೆತ ಹುಟ್ಟುತ್ತೆ, ಸೀಲ್ ಗಟ್ಟಿಯಾಗಿ ತುಟಿ ಸವೆದಿದ್ರೆ ಆ ಎಳೆತಕ್ಕೆ ಗೇರ್ ಆಯಿಲ್ ಒಳಗೆ ಹೀರ್ಕೊಂಡು ಪೆಟ್ರೋಲ್ ಜೊತೆ ಉರಿದು ಹೊಗೆಯಾಗಿ ಹೋಗುತ್ತೆ. ಹೊರಗೆ ಸೋರದೆ ಗೇರ್ ಆಯಿಲ್ ಕಮ್ಮಿ ಆಗ್ತಿದೆ, ಪ್ಲಗ್ ಜಿಡ್ಡು, ಬಿಸಿಯಲ್ಲೂ ದಟ್ಟ ಹೊಗೆ, ಈ ಮೂರು ಒಟ್ಟಿಗಿದ್ರೆ ಬೇರೆ ಏನೂ ಹುಡುಕಬೇಡಿ, ಸೀಲ್ ಬದಲಾಯಿಸಿ. ಕ್ಲಚ್ ಕವರ್, ಕ್ಲಚ್, ಪ್ರೈಮರಿ ಚೈನ್ ಬಿಚ್ಚೋ ಕೆಲಸ, ಎಳೆಯೋಕೆ ಪುಲ್ಲರ್ ಬೇಕು, ಸುತ್ತಿಗೆಲಿ ಹೊಡೆದು ತೆಗೆಯೋಕೆ ಹೋದ್ರೆ ಕ್ರ್ಯಾಂಕ್ ಹಾಳು. ನಾನು ಗೊತ್ತಿರೋ ಮೆಕ್ಯಾನಿಕ್ ಹತ್ರ ಪಕ್ಕದಲ್ಲೇ ಕೂತು ಮಾಡಿಸಿದೆ. ಹಳೇ ಸೀಲ್ ಕೈಗೆ ಕೊಟ್ರು, ರಬ್ಬರ್ ಅನ್ನೋದು ಬಳಪದ ಥರ ಆಗಿತ್ತು, ಬೆರಳಲ್ಲಿ ಒತ್ತಿದ್ರೆ ತುಂಡಾಗಿ ಉದುರಿತು.

ಬಲಗಡೆ ಸೀಲ್ ಹೋದ್ರೆ ಉಲ್ಟಾ. ಅಲ್ಲಿ ಡೈನಮೋ, ಎಣ್ಣೆ ಇಲ್ಲ, ಬರೀ ಗಾಳಿ ಹೀರ್ಕೊಳ್ಳುತ್ತೆ, ಲೀನ್ ಆಗಿ ಐಡಲ್ ತಾನಾಗೇ ಏರುತ್ತೆ, ಪ್ಲಗ್ ಬೆಳ್ಳಗಾಗುತ್ತೆ. ಒಂದು ಬದಲಾಯಿಸುವಾಗ ಎರಡನ್ನೂ ಬದಲಾಯಿಸಿ.

ಕರೆಂಟ್ ಕಡೆ

ಕರೆಂಟ್ ವೀಕ್ ಇದ್ರೆ ಪೆಟ್ರೋಲ್ ಅರ್ಧಂಬರ್ಧ ಉರಿಯುತ್ತೆ, ಮಸಿ ಬರುತ್ತೆ, ಎಲ್ಲರೂ ಕಾರ್ಬೊರೇಟರ್ ಬೈತಾರೆ. ಪ್ಲಗ್ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್ ತೂತಿಂದ ದೂರ, ಹೆಡ್‌ನ ಫಿನ್‌ಗೆ ಗಟ್ಟಿಯಾಗಿ ಒತ್ತಿ ಕಿಕ್ ಹೊಡೆದು ನೋಡಿ. ದಪ್ಪಗೆ ನೀಲಿ, ಚಟ್ ಅಂತ ಸದ್ದು ಬರಬೇಕು. ಹಳದಿ, ತೆಳು, ಒಂದು ಬಂದು ಒಂದು ಬರದೆ ಇದ್ರೆ ಕೆಲಸ ಇದೆ. ಆದ್ರೆ ಹೊರಗೆ ಕಿಡಿ ಬಂತು ಅಂತ ಪ್ಲಗ್ ಸರಿ ಇದೆ ಅನ್ಕೋಬೇಡಿ, ಒಳಗೆ ಕಂಪ್ರೆಷನ್‌ನಲ್ಲಿ ಗ್ಯಾಪ್ ಹಾರೋಕೆ ತುಂಬಾ ಜಾಸ್ತಿ ವೋಲ್ಟೇಜ್ ಬೇಕು, ಹೊರಗೆ ಹೊಡೆಯೋ ಎಷ್ಟೋ ಪ್ಲಗ್ ಒಳಗೆ ಸುಮ್ಮನಾಗುತ್ತೆ. ಸಿಡಿಐ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಯೂನಿಟ್) ಗಾಡಿ ಇರೋರು ಪ್ಲಗ್‌ನ ಇಂಜಿನ್ ಬಾಡಿಗೆ ತಾಗಿಸದೆ ಕಿಕ್ ಹೊಡೀಬೇಡಿ, ಯೂನಿಟ್ ಸುಟ್ಟೋಗಬಹುದು.

ಮೊದಲು ಪ್ಲಗ್ ಕ್ಯಾಪ್. ಅದನ್ನ ವೈರಿಂದ ತಿರುವಿ ಬಿಚ್ಚಿ, ವೈರ್ ತುದಿ ನೋಡಿ. ನಂದರಲ್ಲಿ ತಾಮ್ರದ ಎಳೆಗಳು ಹಸಿರು ಪಾಚಿ ಹಿಡಿದು ಪುಡಿ ಪುಡಿ ಆಗಿದ್ವು, ಕ್ಯಾಪ್ ಒಳಗಿನ ಸ್ಕ್ರೂ ತಾಗ್ತಿದ್ದಿದ್ದು ಒಂದೋ ಎರಡೋ ಎಳೆಗೆ. ಒಂದು ಸೆಂಟಿಮೀಟರ್ ಕತ್ತರಿಸಿ ಹೊಳೆಯೋ ತಾಮ್ರ ಬಂದ್ಮೇಲೆ ಮತ್ತೆ ತಿರುವಿ ಹಾಕಿದೆ, ಐದು ನಿಮಿಷದ ಕೆಲಸ, ಕಾಸಿಲ್ಲ ಖರ್ಚಿಲ್ಲ, ಕಿಡಿ ಹಳದಿಯಿಂದ ನೀಲಿಗೆ ತಿರುಗ್ತು. ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೆಯೋ ಗಾಡಿ ಆದ್ರೆ ಕತ್ತಲಲ್ಲಿ ಇಂಜಿನ್ ಓಡಿಸಿ ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಸೀಳಿದ ಕಡೆ ನೀಲಿ ಮಿಂಚು ಕಾಣುತ್ತೆ. ಮುಟ್ಟಬೇಡಿ.

ಪಾಯಿಂಟ್ ಗಾಡಿಗಳಲ್ಲಿ ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.4 ಎಂಎಂ ಹತ್ರ ಇರಬೇಕು, ಫೀಲರ್ ಗೇಜ್ ಇಲ್ಲದೆ ಬ್ಲೇಡಲ್ಲಿ ಅಂದಾಜು ಮಾಡಬೇಡಿ. ಪಾಯಿಂಟ್ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ದಿಬ್ಬ ಎದ್ದಿದ್ರೆ ಸಣ್ಣ ಫೈಲ್‌ನಲ್ಲಿ ಸಮ ಮಾಡಿ, ಕೊನೆಗೆ ಪೆಟ್ರೋಲಲ್ಲಿ ಅದ್ದಿದ ಪೇಪರ್ ಮಧ್ಯೆ ಎಳೆದು ಜಿಡ್ಡು ತೆಗೀರಿ. ಕವರ್ ತೆಗೆದು ಇಂಜಿನ್ ಓಡುವಾಗ ಪಾಯಿಂಟಲ್ಲಿ ದೊಡ್ಡ ಬಿಳಿ ಕಿಡಿ ಹಾರ್ತಿದ್ರೆ ಕಂಡೆನ್ಸರ್ ಹೋಗಿದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿ ಆದ್ಮೇಲೆ ಆಫ್ ಆಗಿ, ಅರ್ಧ ಗಂಟೆ ಬಿಟ್ರೆ ಮತ್ತೆ ಏಳೋ ಗಾಡಿಗಳಲ್ಲಿ ನಾನು ಮೊದಲು ಅನುಮಾನ ಪಡೋದು ಇದನ್ನೇ. 6 ವೋಲ್ಟ್ ಬ್ಯಾಟರಿ ಡೌನ್ ಆಗಿದ್ರೂ ಕಿಡಿ ಸಾಯುತ್ತೆ, ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಮಿಸ್ಸಿಂಗ್ ಬಂದ್ರೆ ಬ್ಯಾಟರಿ, ಡೈನಮೋ ಬ್ರಷ್ ನೋಡಿ.

ಯಾವ ಪ್ಲಗ್, ಹೇಗೆ ಕೂರಿಸೋದು

ಪ್ಲಗ್ ಮೇಲಿನ ನಂಬರ್ ಗೊಂದಲ ಎಲ್ಲರಿಗೂ ಇದೆ. ಎನ್‌ಜಿಕೆಲಿ ನಂಬರ್ ಜಾಸ್ತಿ ಆದಷ್ಟೂ ಪ್ಲಗ್ ತಣ್ಣಗೆ ಇರುತ್ತೆ, 8 ಅನ್ನೋದು 7ಕ್ಕಿಂತ ಕೋಲ್ಡ್. ಈಗಿನ ಬಾಷ್‌ನಲ್ಲಿ ಉಲ್ಟಾ, ನಂಬರ್ ಕಮ್ಮಿ ಆದಷ್ಟೂ ಕೋಲ್ಡ್. ಆದ್ರೆ ಹಳೇ ಮೈಕೋ ಪ್ಲಗ್‌ಗಳಲ್ಲಿ, ನಮ್ಮ ಬೆಂಗಳೂರಲ್ಲಿ ಮಾಡ್ತಿದ್ದ ಮೈಕೋ, 175, 225 ಅಂತ ಇರ್ತಿತ್ತಲ್ಲ, ಅದರಲ್ಲಿ ದೊಡ್ಡ ನಂಬರ್ ಅಂದ್ರೆ ಕೋಲ್ಡ್. ಅಪ್ಪನ ಡಬ್ಬಿಲಿ ಸಿಕ್ಕಿದ ಪ್ಲಗ್ ನಂಬರ್ ನೋಡಿ ಅಂಗಡಿಲಿ ಹೊಸದು ಕೇಳುವಾಗ ಈ ಮೂರನ್ನ ಕಲಸಿಬಿಟ್ರೆ ಪೂರ್ತಿ ತಪ್ಪು ಪ್ಲಗ್ ಬರುತ್ತೆ. ಗಾಡಿ ಎಲ್ಲಾ ಕಡೆ ಸರಿ ಇದ್ದು, ಬರೀ ಸಿಟಿಲಿ ನಿಧಾನ ಓಡಿಸೋರಿಗೆ ಮಸಿ ಹಿಡೀತಿದ್ರೆ ಒಂದು ಹೆಜ್ಜೆ ಹಾಟ್ ಪ್ಲಗ್ ಹಾಕಬಹುದು, ಆದ್ರೆ ಮಡಿಕೇರಿ ಘಾಟಿ ಹತ್ತಿಸೋ ಮುಂಚೆ ವಾಪಸ್ ಮಾಮೂಲಿ ಪ್ಲಗ್ ಹಾಕ್ಕೊಳ್ಳಿ. ಸೀಲ್, ಕಂಡೆನ್ಸರ್ ಹೋಗಿರೋದನ್ನ ಹಾಟ್ ಪ್ಲಗ್ ಹಾಕಿ ಮುಚ್ಚೋದು ಬೇಡ.

ಉದ್ದ ನೋಡಿ ತಗೊಳ್ಳಿ. ಥ್ರೆಡ್ ಉದ್ದ 12.7 ಎಂಎಂ ಇರೋದು ಶಾರ್ಟ್, 19 ಎಂಎಂ ಇರೋದು ಲಾಂಗ್. ಯೆಜ್ಡಿಗೆ ಶಾರ್ಟ್. ಶಾರ್ಟ್ ಬೇಕಾದ ಹೆಡ್‌ಗೆ ಲಾಂಗ್ ಹಾಕಿದ್ರೆ ಪಿಸ್ಟನ್ ತಲೆಗೆ ಬಡಿಯುತ್ತೆ. ಡೂಪ್ಲಿಕೇಟ್ ಪ್ಲಗ್ ಬೇಜಾನ್ ಇದೆ ಮಾರ್ಕೆಟ್‌ನಲ್ಲಿ, ಅಚ್ಚು ಮಸುಕಾಗಿದ್ರೆ, ಮೇಲಿನ ಕೊಕ್ಕೆ ನಡುವಿಗೆ ಸರಿಯಾಗಿ ಕೂತಿಲ್ಲ ಅಂದ್ರೆ ತಗೋಬೇಡಿ.

ಕ್ಲೀನ್ ಮಾಡೋಕೆ ಪೆಟ್ರೋಲ್ ಮತ್ತೆ ಹಿತ್ತಾಳೆ ಬ್ರಷ್ ಸಾಕು. ಸ್ಟೀಲ್ ಬ್ರಷ್ ಪಿಂಗಾಣಿ ಮೇಲೆ ಲೋಹದ ಗೆರೆ ಬಿಡುತ್ತೆ, ಅದೇ ಮತ್ತೆ ಕರೆಂಟ್ ಹರಿಯೋಕೆ ದಾರಿ. ಎಮರಿ ಪೇಪರ್ ಹಾಕಿ ತಿಕ್ಕಿದ್ರೆ ಮರಳಿನ ಕಣ ಒಳಗೆ ಸೇರ್ಕೊಂಡು ಬೋರ್ ಗೀರುತ್ತೆ. ಪೆಟ್ರೋಲಲ್ಲಿ ಅದ್ದಿ ಬೆಂಕಿ ಹಚ್ಚೋದು, ಗ್ಯಾಸ್ ಸ್ಟವ್ ಮೇಲೆ ಕೆಂಪಗೆ ಕಾಯಿಸೋದು ಎರಡೂ ಬೇಡ, ಪಿಂಗಾಣಿ ಕಣ್ಣಿಗೆ ಕಾಣದ ಹಾಗೆ ಸೀಳುತ್ತೆ. ಎರಡು ಸಲ ಕ್ಲೀನ್ ಮಾಡಿದ್ಮೇಲೂ ಮಿಸ್ ಹೊಡೆದ್ರೆ ಆ ಪ್ಲಗ್ ಕಥೆ ಮುಗೀತು, ಬಿಸಾಕಿ. ಗ್ಯಾಪ್ 0.5ರಿಂದ 0.6 ಎಂಎಂ ನನ್ನ ಗಾಡಿಗೆ ಸರಿ ಹೋಗಿದೆ, ಬಗ್ಗಿಸುವಾಗ ಮೇಲಿನ ಕೊಕ್ಕೆನ ಮಾತ್ರ ಬಗ್ಗಿಸಿ.

ಹಾಕುವಾಗ ಇಂಜಿನ್ ತಣ್ಣಗಿರಲಿ, ಸುತ್ತ ಇರೋ ಧೂಳು ಊದಿ, ಮೊದಲು ಪೂರ್ತಿ ಬೆರಳಲ್ಲೇ ತಿರುವಿ. ಬೆರಳಿಗೆ ಬಿಗಿ ಅನ್ಸಿದ್ರೆ ಥ್ರೆಡ್ ತಪ್ಪಿದೆ, ವಾಪಸ್ ತೆಗೆದು ಮತ್ತೆ ಹಾಕಿ. ಅಲ್ಯೂಮಿನಿಯಂ ಹೆಡ್ ಥ್ರೆಡ್ ಒಂದ್ಸಲ ಹೋದ್ರೆ ಲೇತ್ ಅಂಗಡಿ ಅಲೆಯಬೇಕು. ಕೂತ್ಮೇಲೆ ಹೊಸ ಪ್ಲಗ್ ಆದ್ರೆ ಪಾನಾದಲ್ಲಿ ಅರ್ಧ ಸುತ್ತಿಂದ ಸ್ವಲ್ಪ ಜಾಸ್ತಿ, ವಾಷರ್ ಆಗಲೇ ಚಪ್ಪಟೆ ಆಗಿರೋ ಹಳೇ ಪ್ಲಗ್ ಆದ್ರೆ ಒಂಚೂರು ಅಷ್ಟೆ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಲಿ ಹೋದಷ್ಟು.

ಇನ್ನೆರಡು ಮಾತು. ಟೂ ಸ್ಟ್ರೋಕ್ ಸೈಲೆನ್ಸರ್ ಒಳಗಿನ ಬ್ಯಾಫಲ್ ಕಾರ್ಬನ್‌ನಿಂದ ಕಟ್ಟಿಕೊಂಡ್ರೆ ಹಳೇ ಹೊಗೆ ಪೂರ್ತಿ ಹೊರಗೆ ಹೋಗಲ್ಲ, ಪಿಕಪ್ ಬೀಳುತ್ತೆ, ಪ್ಲಗ್ ಮಸಿ ಹಿಡಿಯುತ್ತೆ. ಎರಡು ಸೈಲೆನ್ಸರ್ ಹಿಂದೆ ಕೈ ಹಿಡಿದು ನೋಡಿ, ಒಂದರಲ್ಲಿ ಗಾಳಿ ಕಮ್ಮಿ ಬಡೀತಿದ್ರೆ ಅದರ ಬ್ಯಾಫಲ್ ಬಿಚ್ಚಿ ಕೆರೆದು ಕ್ಲೀನ್ ಮಾಡಿ. ಫೋರ್ ಸ್ಟ್ರೋಕ್ ಗಾಡಿ, ಹಳೇ ಬುಲೆಟ್ ಅಥವಾ ಸ್ಪ್ಲೆಂಡರ್ ಪ್ಲಗ್ ಜಿಡ್ಡಾದ್ರೆ ಅಲ್ಲಿ ಆಯಿಲ್ ಸುಡಲೇಬಾರದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಉಂಡೆ ಹೊಗೆ ಬಂದ್ರೆ ವಾಲ್ವ್ ಸೀಲ್ ಅಥವಾ ಗೈಡ್, ಎಳೆಸುವಾಗೆಲ್ಲ ಬಂದ್ರೆ ರಿಂಗ್ ಅಥವಾ ಬೋರ್. ಪ್ಲಗ್ ತೂತಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಕಂಪ್ರೆಷನ್ ಮತ್ತೆ ನೋಡಿ, ಏರಿದ್ರೆ ರಿಂಗ್ ಸವೆದಿದೆ.

ನನ್ನ ಗಾಡಿಗೆ ಸೀಲ್ ಹಾಕಿಸಿ, ಕ್ಯಾಪ್ ವೈರ್ ಕತ್ತರಿಸಿ ಹಾಕಿದ ಮೇಲೆ ಜುಲೈ ಎರಡನೇ ಭಾನುವಾರ, ಜಾವಾ ಯೆಜ್ಡಿ ದಿನದ ರೈಡ್‌ಗೆ ಹೊರಟಾಗ ಅಭ್ಯಾಸಬಲದಿಂದ ಜೇಬಲ್ಲಿ ಎರಡು ಪ್ಲಗ್ ಇಟ್ಕೊಂಡಿದ್ದೆ. ಸಂಜೆ ಮನೆಗೆ ಬಂದು ಓಡ್ತಿದ್ದ ಪ್ಲಗ್ ಬಿಚ್ಚಿ ನೋಡಿದೆ, ಬುಡದಲ್ಲಿ ಪೆನ್ಸಿಲಲ್ಲಿ ಎಳೆದ ಹಾಗೆ ಒಂದು ತೆಳು ಉಂಗುರ, ಮೂತಿ ತಿಳಿ ಕಂದು. ಜೇಬಲ್ಲಿದ್ದ ಎರಡೂ ಪ್ಲಗ್ ಪ್ಯಾಕೆಟ್ ಒಡೆದಿರಲಿಲ್ಲ.